ಆಯುಧ ಪೂಜೆಗೆ ಬೈಕ್ ತೊಳೆಯೋಕೆ ಗಾಡಿ ಎತ್ತೋ ಜ್ಯಾಕ್ ತಗೊಳ್ಳೋ ಯೋಚನೆ ಇದ್ದರೆ ಇದನ್ನ ಓದಿ

ಹಬ್ಬ ಹತ್ತಿರ ಬಂತು. ಇನ್ನೊಂದು ವಾರದಲ್ಲಿ ಎಲ್ಲರೂ ಬಕೆಟ್ಟು, ಶಾಂಪೂ, ಹಳೇ ಬನಿಯನ್ನು ಹಿಡಿದುಕೊಂಡು ಗಾಡಿ ಮುಂದೆ ಕೂರುತ್ತೀರಿ. ಹೋದ ವರ್ಷ ನಾನೂ ಹಾಗೇ ಕೂತಿದ್ದೆ. ಹಬ್ಬದ ದಿನ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿ ಮೇಲಿದ್ದೆ.

ನನ್ನದು 2016ರ ಡ್ಯೂಕ್ 200. ಇದಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಚೈನ್ ಕ್ಲೀನ್ ಮಾಡೋದು ಅಂದ್ರೆ ಗಾಡಿಯನ್ನು ಸ್ವಲ್ಪ ಮುಂದೆ ತಳ್ಳು, ಒರೆಸು, ಮತ್ತೆ ತಳ್ಳು, ಮತ್ತೆ ಒರೆಸು. ಬೇಜಾರಾಗಿ ಆನ್‌ಲೈನ್‌ನಲ್ಲಿ ಒಂದು ಕತ್ತರಿ ಜ್ಯಾಕ್ ತರಿಸಿದೆ. ಕಾರಿನ ಜ್ಯಾಕ್ ಥರಾನೇ, ಮೇಲೆ ರಬ್ಬರ್ ಅಂಟಿಸಿದ ಎರಡು ಪಟ್ಟಿ ಇರುತ್ತದೆ. ಎಂಜಿನ್ ಕೆಳಗೆ ಇಟ್ಟು ಹಿಡಿ ತಿರುಗಿಸಿದರೆ ಗಾಡಿ ಮೇಲೇಳುತ್ತದೆ. 4,200 ರೂಪಾಯಿ. ಮೇಲೆ 450 ಕೆಜಿ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನನ್ನ ಗಾಡಿ ಅದರ ಅರ್ಧವೂ ಇಲ್ಲ, ಇನ್ನೇನು ಭಯ ಅಂದುಕೊಂಡೆ.

ನಾನು ಮೋಸ ಹೋಗಿದ್ದೇ ಇಲ್ಲಿ. ಆ 450 ಕೆಜಿ ಅನ್ನೋದು ಕಬ್ಬಿಣ ಎಷ್ಟು ಭಾರ ತಡೆಯುತ್ತದೆ ಅನ್ನೋ ಲೆಕ್ಕ ಅಷ್ಟೇ. ಮೇಲಿರುವ ಗಾಡಿ ವಾಲದೆ ನಿಲ್ಲುತ್ತದಾ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಜ್ಯಾಕ್‌ನ ತಳ ಒಂದಡಿ ಅಗಲವೂ ಇಲ್ಲ. ಎರಡೂ ಚಕ್ರ ನೆಲ ಬಿಟ್ಟ ಮೇಲೆ ಇಡೀ ಗಾಡಿ ಆ ಒಂದಡಿ ಮೇಲೆ. ಬ್ರೇಕ್ ಹಿಡಿದರೂ ಉಪಯೋಗ ಇಲ್ಲ, ಗೇರಲ್ಲಿ ಹಾಕಿದರೂ ಇಲ್ಲ.

ಸಾಲದ್ದಕ್ಕೆ ಈ ಮಾಡೆಲ್‌ನಲ್ಲಿ ಸೈಲೆನ್ಸರ್ ಇರೋದೇ ಹೊಟ್ಟೆ ಕೆಳಗೆ. ಜ್ಯಾಕ್ ಕೂರಿಸೋಕೆ ಚಪ್ಪಟೆ ಜಾಗ ಸಿಗಲಿಲ್ಲ. ಮನೆ ಕಟ್ಟುವಾಗ ಉಳಿದಿದ್ದ ಎರಡು ಮರದ ತುಂಡು ಸಿಕ್ಕಿಸಿ ಸರಿ ಮಾಡಿದೆ, ಅಂದ್ರೆ ಸರಿ ಮಾಡಿದೆ ಅಂದುಕೊಂಡೆ. ನಮ್ಮದು ಮೈಸೂರಿನಲ್ಲಿ ಚಿಕ್ಕ ಮನೆ, ಪಾರ್ಕಿಂಗ್‌ನಲ್ಲಿ ಟೈಲ್ಸ್ ಇದೆ, ನೀರು ಹರಿದು ಹೋಗಲಿ ಅಂತ ಗೇಟಿನ ಕಡೆ ಇಳಿಜಾರು ಕೊಟ್ಟಿದ್ದಾರೆ. ಅವತ್ತು ಆ ಟೈಲ್ಸ್ ಮೇಲೆ ಶಾಂಪೂ ನೀರೂ ಇತ್ತು, ಚೈನಿಗೆ ಹಚ್ಚಿದ ಡೀಸೆಲ್ಲೂ ತೊಟ್ಟಿಕ್ಕಿತ್ತು.

ತೊಳೆದಿದ್ದು, ಚೈನ್ ಉಜ್ಜಿದ್ದು ಎಲ್ಲಾ ಚೆನ್ನಾಗೇ ಆಯಿತು. ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಾಗ ಖುಷಿಯಾಗಿತ್ತು, ಸುಳ್ಳು ಹೇಳಲ್ಲ. ಅಷ್ಟಕ್ಕೆ ಎದ್ದಿದ್ದರೆ ಮುಗಿದಿತ್ತು. ಚೈನ್ ಸ್ವಲ್ಪ ಸಡಿಲ ಇದೆ, ಬಿಗಿ ಮಾಡೇಬಿಡೋಣ ಅಂತ ಹಿಂದಿನ ಚಕ್ರದ ಆಕ್ಸಲ್ ನಟ್‌ಗೆ ಪಾನಾ ಹಾಕಿದೆ. ಬಿಡಲಿಲ್ಲ. ಪಾನಾಗೆ ಒಂದು ಕಬ್ಬಿಣದ ಪೈಪ್ ಸಿಕ್ಕಿಸಿ, ಮೈಭಾರ ಹಾಕಿ ಒತ್ತಿದೆ. ನಟ್ ಅಲ್ಲಾಡಲಿಲ್ಲ. ಗಾಡಿಯ ಹಿಂಭಾಗ ಕೆಳಗೆ ಬಂತು, ಮುಂದಿನ ಚಕ್ರ ಮೇಲೆದ್ದಿತು, ಒಂದು ಮರದ ತುಂಡು ಪಟ್ ಅಂತ ಹಾರಿತು, ಒತ್ತಿದ್ದು ನನ್ನ ಕಡೆಯಿಂದ ಆದ್ದರಿಂದ ಇಡೀ ಗಾಡಿ ನನ್ನ ಕಡೆಗೇ ವಾಲಿತು. ಎದ್ದು ಓಡೋಕೆ ಹೋದೆ. ಸೋಪಿನ ನೀರಿನಲ್ಲಿ ಕಾಲು ಜಾರಿತು.

ಪಾದದ ಮೇಲೇ ಬಿತ್ತು. ಪಕ್ಕದ ಮನೆ ಅಂಕಲ್ ಮತ್ತು ಹಾಲಿನ ಹುಡುಗ ಸೇರಿ ಎತ್ತಿದರು. ಪಾದದ ಎರಡು ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಗಾಡಿಯ ಲಿವರ್, ಮಿರರ್, ಇಂಡಿಕೇಟರ್ ಹೋಯಿತು, ಟ್ಯಾಂಕ್‌ನಲ್ಲಿ ಒಂದು ನೆಗ್ಗು. ಅಮ್ಮ ಕೇಳಿದ್ದು ಒಂದೇ ಮಾತು, "ಇನ್ನೂರು ರೂಪಾಯಿ ಕೊಟ್ಟಿದ್ರೆ ವಾಟರ್ ಸರ್ವೀಸಿನವನು ಮಾಡ್ತಿರಲಿಲ್ವೇನೋ?" ಉತ್ತರ ಇರಲಿಲ್ಲ.

ಆಮೇಲೆ ನಮ್ಮ ಮೆಕ್ಯಾನಿಕ್ ಹತ್ತಿರ ಬೈಸಿಕೊಂಡು ಕಲಿತಿದ್ದು ಇಷ್ಟು. ಬಿಗಿಯಾದ ನಟ್ ಯಾವುದೇ ಇರಲಿ, ಎರಡೂ ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಬೇಕು, ಎತ್ತಿದ ಮೇಲೆ ಜೋರು ಹಾಕುವ ಕೆಲಸ ಬೇಡ. ಚಕ್ರ ಬಿಚ್ಚಿದರಂತೂ ಇನ್ನೂ ಕಷ್ಟ, ಹಿಂದಿನ ಭಾರ ಹೋದ ತಕ್ಷಣ ಗಾಡಿ ಮೂಗು ಮುಂದಾಗಿ ಬಾಗುತ್ತದೆ. ಜ್ಯಾಕೇ ಬೇಕು ಅನ್ನೋರು ಎರಡೂ ಕಡೆ ಬೆಲ್ಟ್ ಹಾಕಿ ಬಿಗಿಯಾಗಿ ಕಟ್ಟಿ, ಒಣಗಿದ ಸಮ ನೆಲದ ಮೇಲೆ ಇಡಿ, ಜೊತೆಗೆ ಒಬ್ಬರು ಇರಲಿ.

ಚೈನ್ ಕೆಲಸಕ್ಕೆ ಮಾತ್ರ ಅಂದ್ರೆ ಹಿಂದಿನ ಚಕ್ರವನ್ನಷ್ಟೇ ಎತ್ತುವ ಪ್ಯಾಡಕ್ ಸ್ಟ್ಯಾಂಡ್ ಎಷ್ಟೋ ವಾಸಿ. ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಎರಡೂ ಬದಿಗೆ ಹಿಡಿದುಕೊಳ್ಳುತ್ತದೆ, ತಳ ಅಗಲ, ಮುಂದಿನ ಚಕ್ರ ನೆಲದ ಮೇಲೇ ಇರುತ್ತದೆ. ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ತುಂಡು ಕೇಳಿ ತಂದು ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್‌ಗೆ ಬಿಗಿದರೆ ಗಾಡಿ ಹಿಂದೆ ಮುಂದೆ ಉರುಳಲ್ಲ. ಈಗ ನಾನು ಮಾಡೋದು ಇದೇ.

ಇನ್ನೊಂದು. ಚಕ್ರ ಮೇಲಿದೆ ಅಂತ ಎಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯೋರು ಇದ್ದಾರೆ. ದಯವಿಟ್ಟು ಬೇಡ. ಬಟ್ಟೆಯನ್ನು ಚೈನ್ ಎಳೆದುಕೊಂಡರೆ ಬೆರಳೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಳಗೆ ಹೋಗುತ್ತದೆ. ನನ್ನದು ಮೂಳೆ, ಕೂಡಿಕೊಂಡಿತು. ಬೆರಳು ಹೋದರೆ ಹೋದ ಹಾಗೇ.

ಸುಮ್ನೆ ತೊಳೆಯೋದಕ್ಕೆ ಎತ್ತೋ ಅಗತ್ಯವೇ ಇಲ್ಲ, ಸೈಡ್ ಸ್ಟ್ಯಾಂಡ್ ಸಾಕು.

ಹೋದ ವರ್ಷ ಪೂಜೆಯ ದಿನ ಅಮ್ಮ ಬೈಕಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟು, ಮೂಲೆಯಲ್ಲಿದ್ದ ಜ್ಯಾಕ್‌ಗೂ ಒಂದು ಸೇವಂತಿಗೆ ಸಿಕ್ಕಿಸಿ ನನ್ನ ಕಡೆ ನೋಡಿದರು. ಈ ಸಲ ಅದು ಮನೆಯಲ್ಲಿಲ್ಲ, ಗುಜರಿಗೆ ಹೋಯಿತು. ಓಎಲ್‌ಎಕ್ಸ್‌ಗೆ ಹಾಕು ಅಂದರು ಎಲ್ಲರೂ, ಮನಸ್ಸು ಬರಲಿಲ್ಲ.