ಆಂಕಿ ಆ್ಯಪ್: ಇನ್ನೇನು ಮರೀಬೇಕು ಅನ್ನುವಾಗ ಪ್ರಶ್ನೆ ಕೇಳುವ ಮೇಷ್ಟ್ರು

ಕೆಎಎಸ್‌ಗೆ ಓದುವವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಎಷ್ಟು ಓದಿದ್ರೂ ತಲೇಲಿ ನಿಲ್ತಿಲ್ಲ ಕಣೋ." ಪರಿಹಾರಗಳೂ ರೆಡಿ ಇರುತ್ತವೆ: ಬ್ರಾಹ್ಮಿ ತಿನ್ನು, ಬೆಳಿಗ್ಗೆ ನಾಲ್ಕಕ್ಕೆ ಏಳು, ಮೆದುಳು ಚುರುಕು ಮಾಡುವ ಗೇಮ್ ಆ್ಯಪ್ ಹಾಕ್ಕೋ. ಮೊದಲೆರಡು ನಿಮ್ಮಿಷ್ಟ. ಮೂರನೆಯದಕ್ಕೆ ಮಾತ್ರ ದುಡ್ಡು ಕೊಡಬೇಡಿ. ಈ ಜಾತಿಯ ಆ್ಯಪ್‌ಗಳಲ್ಲಿ ದೊಡ್ಡ ಹೆಸರಾದ ಲೂಮಾಸಿಟಿಯವರು, ಆಟ ಆಡಿದರೆ ಓದಿನಲ್ಲಿ ಮುಂದೆ ಬರುತ್ತೀರಿ, ವಯಸ್ಸಾದ ಮೇಲಿನ ಮರೆವೂ ದೂರ ಇರುತ್ತದೆ ಅನ್ನುವ ಥರ ಜಾಹೀರಾತು ಕೊಟ್ಟು, ಅದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದಾಗ 2016ರಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡರು.

ನಾನು ಬಳಸುವುದು ಆಂಕಿ. ಡೇಮಿಯನ್ ಎಲ್ಮ್ಸ್ ಎಂಬುವವರು 2006ರಲ್ಲಿ ಹೊರತಂದದ್ದು. ನೋಡೋಕೆ ಏನೇನೂ ಚೆಂದ ಇಲ್ಲ, ಹಳೇ ಸರ್ಕಾರಿ ವೆಬ್‌ಸೈಟ್ ನೆನಪಾಗುತ್ತದೆ. ಕೆಲಸ ಇಷ್ಟೇ: ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ಕಾರ್ಡ್ ತಿರುಗಿಸಿ, ಅಗೇನ್, ಹಾರ್ಡ್, ಗುಡ್, ಈಸಿ ಈ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಗೊತ್ತಿದ್ದ ಕಾರ್ಡ್ ಕೆಲವು ದಿನ ಬಿಟ್ಟು ಬರುತ್ತದೆ, ಆಮೇಲೆ ವಾರಗಳು, ಆಮೇಲೆ ತಿಂಗಳುಗಳು. ಮರೆತದ್ದು ಅವತ್ತೇ ವಾಪಸ್.

ಇದರ ಹಿಂದಿರುವ ಸಂಶೋಧನೆ ತುಂಬಾ ಹಳೆಯದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಆದರೆ ನನ್ನ ಕಣ್ಣು ತೆರೆಸಿದ್ದು ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ! ಮುಚ್ಚಿ ಬರೆದವರಿಗೆ ಸುಮಾರು ಶೇ. 56 ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತೆ ಅನಿಸಿ, ಹಾಲ್‌ನಲ್ಲಿ ಏನೂ ಬರದೇ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಸರಿ, ಆದರೆ ಮೆದುಳು ಬರೀ ಕ್ಯಾಲೆಂಡರ್ ನೋಡಿಕೊಂಡು ನೆನಪಿಡುವುದಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮಗಾ ತಂಡದವರು ಜನರಿಗೆ ಸ್ಲೈಡ್‌ಗಳ ಜೊತೆ ಒಂದು ಕಥೆ ಹೇಳಿದರು. ಮಧ್ಯದಲ್ಲಿ ಒಬ್ಬ ಹುಡುಗನಿಗೆ ಭೀಕರ ಅಪಘಾತವಾಗುತ್ತದೆ. ವಾರದ ನಂತರ ಎಲ್ಲರಿಗೂ ಆ ಮಧ್ಯದ ಭಾಗವೇ ಚೆನ್ನಾಗಿ ನೆನಪಿತ್ತು. ಮೊದಲೇ ಪ್ರೊಪ್ರನಲಾಲ್ ಮಾತ್ರೆ ಕೊಟ್ಟಿದ್ದವರಿಗೆ ಮಾತ್ರ ಹಾಗಾಗಲಿಲ್ಲ, ಆ ಭಾಗವೂ ಅವರಿಗೆ ಉಳಿದ ಕಥೆಯಷ್ಟೇ ನೆನಪಿತ್ತು. ಅದು ಅಡ್ರಿನಲಿನ್ ಥರದ ಹಾರ್ಮೋನುಗಳ ಕೆಲಸಕ್ಕೆ ಅಡ್ಡ ಬರುವ ಮಾತ್ರೆ. ಅಂದರೆ ಭಾವನೆ ಎದ್ದಾಗ ಈ ಹಾರ್ಮೋನುಗಳು, ಮೆದುಳಿನಲ್ಲಿರುವ ಅಮಿಗ್ಡಾಲ ಅನ್ನುವ ಭಾಗ ಎಲ್ಲ ಸೇರಿ ನೆನಪನ್ನು ಗಟ್ಟಿ ಮಾಡುತ್ತವೆ.

ಆಂಕಿಗೆ ಇದು ಗೊತ್ತಿಲ್ಲ. ಅದನ್ನು ನಾವೇ ತುಂಬಬೇಕು. ಐಹೊಳೆ ಶಾಸನ, ರವಿಕೀರ್ತಿ, 634, ಇಮ್ಮಡಿ ಪುಲಕೇಶಿ ಅಂತ ಬರೆದಿಟ್ಟ ಕಾರ್ಡ್ ನನಗೆ ಪದೇ ಪದೇ ಕೈಕೊಡುತ್ತಿತ್ತು. ಆಮೇಲೆ ಆ ಶಾಸನ ಇರುವ ಮೇಗುತಿ ಗುಡ್ಡದಲ್ಲಿ ಅಕ್ಕನ ಮಕ್ಕಳು ಬಿಸಿಲಿಗೆ ಮುಖ ಗಂಟು ಹಾಕಿಕೊಂಡು ನಿಂತಿದ್ದ ನಮ್ಮದೇ ಫೋಟೊ ಅದಕ್ಕೆ ಹಾಕಿದೆ. ಈಗ ಆ ಕಾರ್ಡ್ ತಿಂಗಳುಗಟ್ಟಲೆ ಬರುವುದೇ ಇಲ್ಲ. ಅದಕ್ಕೇ ಹೇಳುವುದು, ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡಿನ ಡೆಕ್ ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬೇಡಿ. ಕಾರ್ಡ್ ಮಾಡುವುದು ಬೋರು, ಹೌದು. ಅರ್ಧ ಓದು ಅಲ್ಲೇ ಆಗಿಬಿಡುತ್ತದೆ.

ಭಾವನೆ ಸೇರಿದ ನೆನಪೆಲ್ಲ ನಿಜ ಅಂತಲೂ ಅಲ್ಲ ಮತ್ತೆ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ಕಾಲೇಜು ವಿದ್ಯಾರ್ಥಿಗಳಿಂದ 'ಸುದ್ದಿ ಕೇಳಿದಾಗ ಎಲ್ಲಿದ್ದೆ' ಅಂತ ಬರೆಸಿಟ್ಟ. ಎರಡೂವರೆ ವರ್ಷದ ನಂತರ ಮತ್ತೆ ಕೇಳಿದರೆ ಎಷ್ಟೋ ಜನರ ಉತ್ತರವೇ ಬೇರೆ, ಆದರೆ ಹೇಳುವಾಗಿನ ಖಾತ್ರಿಗೆ ಏನೂ ಕೊರತೆ ಇರಲಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಸುದ್ದಿ ಕೇಳಿದಾಗ ಎಲ್ಲಿದ್ದಿರಿ ಅಂತ ಯಾರನ್ನು ಕೇಳಿದರೂ ತಡವರಿಸದೆ ಹೇಳುತ್ತಾರೆ. ಅವತ್ತೇ ಡೈರಿ ಬರೆದಿದ್ದರೆ ಒಮ್ಮೆ ತೆಗೆದು ನೋಡಿ. ಈ ವಿಷಯದಲ್ಲಿ ಆಂಕಿ ವಾಸಿ: ನನ್ನ ಖಾತ್ರಿಯನ್ನು ನಂಬುವುದಿಲ್ಲ, ಕಾರ್ಡ್ ತಿರುಗಿಸಿ ತೋರಿಸುತ್ತದೆ.

ಕಿರಿಕಿರಿಗಳೂ ಇವೆ. ಮದುವೆ ಮನೆ, ಜ್ವರ ಅಂತ ಒಂದು ವಾರ ಬಿಟ್ಟರೆ ನೂರಾರು ಕಾರ್ಡ್ ಬಾಕಿ ಬೀಳುತ್ತದೆ. ಅದನ್ನು ನೋಡಿಯೇ ಜನ ಆ್ಯಪ್ ತೆಗೆದುಹಾಕುತ್ತಾರೆ. ದಿನಕ್ಕೆ 20 ಹೊಸ ಕಾರ್ಡ್ ಅಂತ ಅದಾಗಿಯೇ ಇಟ್ಟಿರುವುದು ಕೆಲಸಕ್ಕೆ ಹೋಗುವವರಿಗೆ ಜಾಸ್ತಿ, ಅರ್ಧಕ್ಕೆ ಇಳಿಸಿ. ಉತ್ತರ ಮರೆತಿದ್ದರೆ ಅಗೇನ್ ಒತ್ತಬೇಕು. ನಾಚಿಕೆಯಾಗಿ ಹಾರ್ಡ್ ಒತ್ತಿದರೆ ಗೊತ್ತಿತ್ತು ಅಂತಲೇ ಲೆಕ್ಕ. 2023ರ ನಂತರದ ಆವೃತ್ತಿಗಳಲ್ಲಿ ಯಾವ ಕಾರ್ಡ್ ಯಾವತ್ತು ಬರಬೇಕು ಅಂತ ನಿರ್ಧರಿಸುವ ಎಫ್‌ಎಸ್‌ಆರ್‌ಎಸ್ ಅನ್ನುವ ಹೊಸ ಲೆಕ್ಕಾಚಾರ ಇದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡೋಕೆ ನನಗೆ ಏನೂ ತೊಂದರೆ ಆಗಿಲ್ಲ.

ಕಂಪ್ಯೂಟರಿಗೆ ಫ್ರೀ. ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಅಂತ ಹುಡುಕಿ, ಅದೂ ಫ್ರೀ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಅಮೆರಿಕದ ಬೆಲೆ 25 ಡಾಲರ್ ಆಸುಪಾಸು, ಒಂದೇ ಸಲ ಕೊಟ್ಟರೆ ಸಾಕು. ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ, ನೋಡಿಕೊಂಡು ಹಾಕಿಕೊಳ್ಳಿ. ದುಡ್ಡು ಕೊಡೋಕೆ ಮನಸ್ಸಿಲ್ಲದ ಐಫೋನಿನವರು ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆದರೂ ದಿನದ ಕಾರ್ಡ್ ಮುಗಿಸಬಹುದು.