ಬೆಲೆ ಇಳಿಯುವಾಗ ಆನ್‌ಲೈನ್ ಬಾಡಿಗೆ ಕ್ಯಾಲ್ಕ್ಯುಲೇಟರ್ ನಂಬಬಹುದೇ?

ಹೂಡಿಕೆಗೆ ಮನೆ ನೋಡುವವರು ಮೊದಲು ತೆರೆಯುವುದು, ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಎಷ್ಟು ಲಾಭ ಎಂದು ಲೆಕ್ಕ ಹಾಕುವ ಉಚಿತ ಬಾಡಿಗೆ ಕ್ಯಾಲ್ಕ್ಯುಲೇಟರ್. ಕೂಡಿ ಕಳೆಯುವುದರಲ್ಲಿ ಅವು ತಪ್ಪುವುದಿಲ್ಲ. ತೊಂದರೆ ಇರುವುದು ಮೊದಲೇ ತುಂಬಿಟ್ಟ ಅಂಕಿಗಳಲ್ಲಿ.

ಮುಖ್ಯವಾಗಿ 'ವಾರ್ಷಿಕ ಬೆಲೆ ಏರಿಕೆ' ಎಂಬ ಖಾನೆ. ಅಲ್ಲಿ 4-5% ಕೂತಿದ್ದರೆ ಮಾರುಕಟ್ಟೆ ಕುಸಿಯುತ್ತಿರುವಾಗಲೂ ಉತ್ತರ ಲಾಭವೆಂದೇ ಬರುತ್ತದೆ. ಅದನ್ನು ಸೊನ್ನೆ ಮಾಡಿ, ಆಮೇಲೆ -10 ಹಾಕಿ ನೋಡಿ. 20% ಸ್ವಂತ ಹಣ, 80% ಸಾಲವಾದರೆ ಬೆಲೆ 10% ಇಳಿದಾಗ ಹಾಕಿದ ಹಣದ ಅರ್ಧ ಕರಗುತ್ತದೆ. ಇದು ಬರೀ ಊಹೆಯಲ್ಲ: 2006ರಿಂದ 2012ರ ನಡುವೆ ಅಮೆರಿಕದ ಮನೆ ಬೆಲೆಗಳನ್ನು ಅಳೆಯುವ ಕೇಸ್-ಶಿಲ್ಲರ್ ರಾಷ್ಟ್ರೀಯ ಸೂಚ್ಯಂಕ ಸುಮಾರು 27% ಕುಸಿದಿತ್ತು.

ಎರಡನೆಯದು ಬಾಡಿಗೆಯ ಲೆಕ್ಕ. ಮನೆಯ ಬೆಲೆ 100, ತಿಂಗಳ ಬಾಡಿಗೆ 0.5 ಎಂದುಕೊಳ್ಳಿ. ಪರದೆಯ ಮೇಲೆ ವರ್ಷದ ಆದಾಯ 6% ಎಂದು ಹೊಳೆಯುತ್ತದೆ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ಉಳಿಯುವುದು 5.5. ರಿಪೇರಿಗೆ 1, ತೆರಿಗೆ-ವಿಮೆಗೆ 0.7 ತೆಗೆದರೆ ಕೈಗೆ 3.8. ಸಾಲದ ಬಡ್ಡಿ ಇದಕ್ಕಿಂತ ಹೆಚ್ಚಿದ್ದರೆ ಸಾಲ ತೆಗೆದಷ್ಟೂ ನಿಮ್ಮ ಹಣದ ಮೇಲಿನ ಆದಾಯ ಕುಗ್ಗುತ್ತದೆ. ಖಾಲಿ ತಿಂಗಳ ಖಾನೆಯೇ ಇಲ್ಲದ ಕ್ಯಾಲ್ಕ್ಯುಲೇಟರನ್ನು ದಯವಿಟ್ಟು ಬಳಸಬೇಡಿ. ಉದ್ಯೋಗ ಕಡಿತವಾಗುವ ಹೊತ್ತಲ್ಲಿ ಬಾಡಿಗೆದಾರರು ಸಿಗುವುದೂ ತಡ, ಬಾಡಿಗೆಯೂ ಇಳಿಯುತ್ತದೆ.

ನೋಂದಣಿ, ಮುದ್ರಾಂಕ ಶುಲ್ಕ, ಮಾರುವಾಗಿನ ದಲ್ಲಾಳಿ ಕಮಿಷನ್ ಕೇಳುವಂಥದ್ದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಬಾಡಿಗೆಯ ನಿವ್ವಳ ಆದಾಯ ಸಾಲದ ಕಂತಿನ 1.25 ಪಟ್ಟು ಇದೆಯೇ ಎಂದು ತೋರಿಸಿದರೆ ಇನ್ನೂ ಉತ್ತಮ.