ಹೊಸ ಆಕ್ಸಲ್ ಹಾಕಿದರು, ಆದರೆ ತಲೆಕೆಳಗಾಗಿ: ಟ್ರೇಲರ್ ಇರುವವರು ಗಮನಿಸಿ

ಟ್ರಾವೆಲ್ ಟ್ರೇಲರಿನ (ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಉಳಿಯಬಹುದಾದ ಗಾಡಿ) ಆಕ್ಸಲ್, ಅಂದರೆ ಎರಡೂ ಕಡೆಯ ಚಕ್ರ ಕೂರುವ ಅಡ್ಡ ಕೊಳವೆ, ಬದಲಿಸಲು ವರ್ಕ್‌ಶಾಪಿಗೆ ಬಿಡುವವರಿದ್ದರೆ ಒಂದು ಮಾತು. ಹೊಸ ಆಕ್ಸಲ್ ಬಂತು ಅಂದಮಾತ್ರಕ್ಕೆ ಗಾಡಿ ಸರಿಹೋಯಿತು ಅಂದುಕೊಳ್ಳಬೇಡಿ. ನಮ್ಮ ಟ್ರೇಲರಿಗೆ ಹಾಕಿದ್ದು ಹೊಚ್ಚ ಹೊಸದೇ. ಅದನ್ನು ಕೂರಿಸಿದ ರೀತಿ ಮಾತ್ರ ಉಲ್ಟಾ.

ಹಳೆಯದು ಕೆಟ್ಟದ್ದು ರಸ್ತೆ ಗುಂಡಿಯ ಹೊಡೆತಕ್ಕೆ. ಕೊಳವೆ ಬಗ್ಗಿ ಒಂದು ಚಕ್ರದ ಮೇಲ್ಭಾಗ ಒಳಗಡೆ ವಾಲಿತ್ತು. ಆ ಟಯರಿನ ಒಳಅಂಚು ಬೋಳಾಗಿತ್ತು, ಹೊರಅಂಚಿನಲ್ಲಿ ಇನ್ನೂ ಆಳವಾದ ಗೆರೆ ಇತ್ತು. ವರ್ಕ್‌ಶಾಪಿನವರು ಮೊದಲು ಹೇಳಿದ್ದು, "ಕಾಯಿಸಿ ನೆಟ್ಟಗೆ ಮಾಡಿಬಿಡೋಣ ಸಾರ್, ಸುಮ್ನೆ ಹೊಸದಕ್ಕೆ ಯಾಕೆ ದುಡ್ಡು ಹಾಕ್ತೀರಾ?" ಕೆಂಪಗೆ ಕಾಯಿಸಿದರೆ ಉಕ್ಕಿನ ಮೊದಲಿನ ಗಟ್ಟಿತನ ಹೋಗುತ್ತದೆ. ಮುಂದಿನ ಗುಂಡಿಗೆ ಅದೇ ಜಾಗದಲ್ಲಿ ಮತ್ತೆ ಬಗ್ಗಬಹುದು. ಬೇಡ, ಹೊಸದೇ ತರಿಸಿ ಅಂದೆ.

ತರಿಸಿದರು. ಇಲ್ಲಿಂದ ಶುರುವಾಯಿತು ತಾಪತ್ರಯ.

ಸ್ಪ್ರಿಂಗ್ ಪಾಟಾ (ಕುಲುಕಾಟ ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳು) ಇರುವ ಟ್ರೇಲರಿನ ಆಕ್ಸಲ್ ದೂರದಿಂದ ನೆಟ್ಟಗಿನ ಪೈಪಿನಂತೆ ಕಾಣುತ್ತದೆ. ನಿಜಕ್ಕೂ ಅದು ನೆಟ್ಟಗಿರುವುದಿಲ್ಲ. ಖಾಲಿ ಇದ್ದಾಗ ನಡುಭಾಗ ತುಸು ಮೇಲಕ್ಕೆ ಉಬ್ಬಿರುವಂತೆ ಬೇಕೆಂದೇ ಬಗ್ಗಿಸಿರುತ್ತಾರೆ. ಗಾಡಿಯ ಭಾರ ಬಿದ್ದಾಗ ಆ ಉಬ್ಬು ಇಳಿದು ಚಕ್ರಗಳು ನೇರವಾಗಿ ನಿಲ್ಲಬೇಕು. ಅದೇ ಲೆಕ್ಕ.

ಇನ್ನೊಂದು ವಿಷಯ ಪಾಟಾ ಕೂರುವ ಜಾಗದ್ದು. ಕೆಲವು ಟ್ರೇಲರಿನಲ್ಲಿ ಪಾಟಾ ಆಕ್ಸಲ್ ಮೇಲೆ ಕೂರುತ್ತದೆ, ಕೆಲವದರಲ್ಲಿ ಕೆಳಗೆ. ಆಕ್ಸಲ್ ಕೊಳವೆಗೆ ಬೆಸೆದಿರುವ ಸೀಟ್ ಅದಕ್ಕೆ ತಕ್ಕಂತೆ ಮೇಲ್ಮುಖವೋ ಕೆಳಮುಖವೋ ಇರುತ್ತದೆ. ನಮ್ಮದರಲ್ಲಿ ಪಾಟಾ ಮೇಲೆ. ಇವರು ತರಿಸಿದ ಆಕ್ಸಲ್‌ನಲ್ಲಿ ಸೀಟ್ ಕೆಳಗೆ. ತಪ್ಪು ಸಾಮಾನು ಬಂದಿದೆ ಅಂತ ವಾಪಸ್ ಕಳಿಸಬೇಕಿತ್ತು, ಅಲ್ವಾ? ಇಲ್ಲವೇ ಸರಿಯಾದ ಬದಿಗೆ ಹೊಸ ಸೀಟ್ ಬೆಸೆಯಬೇಕಿತ್ತು. ಅದರ ಬದಲು ಆಕ್ಸಲ್ಲನ್ನೇ ಅರ್ಧ ಸುತ್ತು ಹೊರಳಿಸಿ ಬೋಲ್ಟ್ ಬಿಗಿದುಬಿಟ್ಟರು. ಸೀಟ್ ಮೇಲೆ ಬಂತು, ಉಬ್ಬು ಕೆಳಕ್ಕೆ ಹೋಯಿತು. ಭಾರ ಬಿದ್ದಷ್ಟೂ ಅದು ಇನ್ನೂ ಕೆಳಕ್ಕೆ ಬಗ್ಗಿತು. ಈಗ ಒಂದಲ್ಲ, ಎರಡೂ ಚಕ್ರ ಒಳಗೆ ವಾಲಿದವು.

ಗಾಡಿಯನ್ನು ಹಿಂದಿನಿಂದ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಬಣ್ಣ ಹೊಳೆಯುವ ಹೊಸ ಆಕ್ಸಲ್ ನೋಡಿ ಯಾರು ಬಗ್ಗಿ ಅಳತೆ ತೆಗೆಯುತ್ತಾರೆ? ಟಯರ್‌ಗಳು ಬೇಗ ಬೇಗ ಸವೆದಾಗ ಬೇರೆ ಮೆಕ್ಯಾನಿಕ್ ಒಬ್ಬರು ಕೊಳವೆಯುದ್ದಕ್ಕೂ ದಾರ ಎಳೆದು ತೋರಿಸಿದರು. ದಾರ ಎರಡು ತುದಿಗೆ ತಾಗಿತ್ತು, ನಡುವಿನ ಕೊಳವೆ ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದ ಹಾಗೆ ಕೆಳಗಿತ್ತು.

ಆ ಮೆಕ್ಯಾನಿಕ್ ಇನ್ನೂ ಎರಡು ತಪ್ಪು ಕಂಡುಹಿಡಿದರು. ಮೊದಲ ವರ್ಕ್‌ಶಾಪಿನವರು ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಹಳೇ ಯು ಬೋಲ್ಟ್‌ಗಳನ್ನೇ ಮತ್ತೆ ಹಾಕಿದ್ದರು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಮೊದಲಿನ ಹಿಡಿತ ಕೊಡುವುದಿಲ್ಲ. ಆಕ್ಸಲ್ ಜೊತೆ ಅವೂ ಹೊಸದೇ ಆಗಬೇಕು. ಬ್ರೇಕ್ ವೈರನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು, ಅದು ಆಗಲೇ ಸಡಿಲ. ಎಲೆಕ್ಟ್ರಿಕ್ ಬ್ರೇಕಿಗೆ ಕರೆಂಟ್ ಹೋಗುವುದು ಆ ಜೋಡಣೆಯಿಂದಲೇ. ಅಲ್ಲಿ ಕಡಿದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ.

ದೂರು ಹೇಳಲು ಹೋದಾಗ ಮೊದಲ ವರ್ಕ್‌ಶಾಪಿನ ಉತ್ತರ ರೆಡಿ ಇತ್ತು. "ನೀವು ಲೋಡ್ ಜಾಸ್ತಿ ಹಾಕಿದ್ದೀರಿ." ಇದನ್ನು ನಿರೀಕ್ಷಿಸಿಯೇ ಟ್ರೇಲರನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಂಡಿದ್ದೆ. ನಮ್ಮದು 3,500 ಪೌಂಡ್, ಅಂದರೆ ಸುಮಾರು 1,588 ಕಿಲೋ ತಡೆಯುವ ಆಕ್ಸಲ್. ತೂಕ ಅದಕ್ಕಿಂತ ಕಡಿಮೆಯೇ ಇತ್ತು. ಸಾಮಾನ್ಯವಾಗಿ ಟ್ರೇಲರಿನ ಒಟ್ಟು ಭಾರದ 10ರಿಂದ 15 ಪರ್ಸೆಂಟ್ ಮುಂದಿನ ಕೊಂಡಿಯ ಮೇಲೆ, ಎಳೆಯುವ ವಾಹನಕ್ಕೆ ಹೋಗುತ್ತದೆ. ಉಳಿದದ್ದಷ್ಟೇ ಆಕ್ಸಲ್ ಹೊರುವುದು. ಚೀಟಿ ನೋಡಿ ಮಾಲೀಕರು ಮಾತು ಬದಲಿಸಿದರು. ಕೂಲಿ ವಾಪಸ್ ಕೊಟ್ಟರು. ಹಾಳಾದ ಟಯರ್‌ಗಳ ಲೆಕ್ಕ ನನ್ನ ತಲೆಗೇ ಬಂತು.

ಹಾಗಾಗಿ ಆರ್ಡರ್ ಕೊಡುವ ಮುಂಚೆ ಅಳತೆಗಳನ್ನು ಕಾಗದದ ಮೇಲೆ ಬರೆದು ಕೊಡಿ. ಒಂದು ಹಬ್‌ನ (ಚಕ್ರ ಬಿಗಿಯುವ ನಡುಭಾಗ) ಮುಖದಿಂದ ಇನ್ನೊಂದರ ಮುಖಕ್ಕೆ ಎಷ್ಟು, ಒಂದು ಪಾಟಾದ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು, ಸೀಟ್ ಮೇಲೋ ಕೆಳಗೋ, ಎಷ್ಟು ಭಾರದ್ದು, ಬ್ರೇಕ್ ಡ್ರಮ್ 10 ಇಂಚೋ 12 ಇಂಚೋ, ಚಕ್ರಕ್ಕೆ ಬೋಲ್ಟ್ ಎಷ್ಟು ಮತ್ತು ಅವು ಕೂರುವ ವೃತ್ತದ ವ್ಯಾಸ ಎಷ್ಟು. "ಚಕ್ರದ ತೂತು ಹೊಂದುತ್ತೆ, ಸಾಕು" ಅನ್ನುವವರ ಹತ್ತಿರ ಕೆಲಸ ಮಾಡಿಸಬೇಡಿ. ತೂತು ಹೊಂದಿದ ಮಾತ್ರಕ್ಕೆ ಉದ್ದ ಹೊಂದುವುದಿಲ್ಲ. ಭಾರದ ಲೆಕ್ಕ ಆಕ್ಸಲ್ ಕೊಳವೆಯ ಮೇಲಿನ ಚೀಟಿಯಲ್ಲಿ ಇರುತ್ತದೆ, ಧೂಳು ಒರೆಸಿ ಫೋಟೋ ತೆಗೆಯಿರಿ.

ಕೂರಿಸಿದ ಮೇಲೆ ಟೇಪ್ ಹಿಡಿದು ಮುಂದಿನ ಕೊಂಡಿಯ ನಡುವಿನಿಂದ ಎರಡೂ ಹಬ್‌ವರೆಗೆ ಅಳೆಯಿರಿ. ಎರಡೂ ಒಂದೇ ಬರಬೇಕು, ಹೆಚ್ಚೆಂದರೆ 3 ಮಿಲಿಮೀಟರ್ ಆಚೀಚೆ. ಚಕ್ರದ ನಟ್‌ಗಳನ್ನು ಸುಮಾರು 16, 40, 80 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿದಿದೆ ಅಂತ ತೋರಿಸುವ ಸ್ಪ್ಯಾನರ್) ಹಿಡಿದು ಮತ್ತೆ ಬಿಗಿಯಿರಿ. ಜಾಕನ್ನು ಆಕ್ಸಲ್ ಕೊಳವೆಯ ನಡುವೆ ಕೊಡಬಾರದು, ಅದಕ್ಕೂ ಬಗ್ಗುತ್ತದೆ. ವರ್ಕ್‌ಶಾಪಿನ ಹುಡುಗರೇ ಅಲ್ಲಿ ಕೊಟ್ಟು ಎತ್ತುವುದನ್ನು ನೋಡಿದ್ದೇನೆ.

ರಬ್ಬರ್ ಟಾರ್ಶನ್ ಆಕ್ಸಲ್ (ಪಾಟಾದ ಬದಲು ಕೊಳವೆಯೊಳಗಿನ ರಬ್ಬರ್ ಕುಲುಕಾಟ ತಡೆಯುವಂಥದು) ಇರುವವರಿಗೆ ಪಾಟಾದ ಗೊಡವೆ ಇಲ್ಲ. ಆದರೆ ಅದರ ಕೊಳವೆಗೆ ವೆಲ್ಡಿಂಗ್ ಹಿಡಿಯಲು ಬಂದರೆ ಅಲ್ಲೇ ತಡೆಯಿರಿ, ಒಳಗಿನ ರಬ್ಬರ್ ಸುಟ್ಟುಹೋಗುತ್ತದೆ.

ಬಿಚ್ಚಿದ ಹಳೇ ಆಕ್ಸಲ್ಲನ್ನು ಅಲ್ಲೇ ಬಿಟ್ಟು ಬರಬೇಡಿ. ಸೀಟ್ ಯಾವ ಬದಿಗಿತ್ತು, ಉದ್ದ ಎಷ್ಟಿತ್ತು ಅನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ. ನಮ್ಮದನ್ನು ಕೇಳುವಷ್ಟರಲ್ಲಿ ಗುಜರಿಗೆ ಹಾಕಿಬಿಟ್ಟಿದ್ದರು. ಎರಡನೇ ಮೆಕ್ಯಾನಿಕ್ ಎಲ್ಲವನ್ನೂ ಚಾಸಿಯಿಂದಲೇ ಮತ್ತೆ ಅಳೆಯಬೇಕಾಯಿತು.